ಹನ್ನೆರಡು ಮೂಲೆ, ಮೂರು ಬಾಗಿಲು

ಮನೆ ಕಟ್ಸಿದೋರಿಗೆ ಗೊತ್ತಿರುತ್ತೆ, ಗೋಡೆಗೆ ಮೂಲೆ ಜಾಸ್ತಿ ಆದಷ್ಟೂ ಮೇಸ್ತ್ರಿ ಬಿಲ್ಲೂ ಜಾಸ್ತಿ. ಅಂಥದ್ರಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಟಾಂಪ್ಕಿನ್ಸ್‌ವಿಲ್ ಹತ್ರ ಒಂದು ಹಳೇ ಬ್ಯಾಪ್ಟಿಸ್ಟ್ ಚರ್ಚ್ ಇದೆ, ಓಲ್ಡ್ ಮಲ್ಕಿ ಮೀಟಿಂಗ್‌ಹೌಸ್ ಅಂತ, 1804ರಲ್ಲಿ ಮರದ ದಿಮ್ಮಿ ಪೇರಿಸಿ ಕಟ್ಟಿದ್ದು, ಅದಕ್ಕೆ ಹನ್ನೆರಡು ಮೂಲೆ!

ದಿಮ್ಮಿ ಕಟ್ಟಡದಲ್ಲಿ ಮೂಲೆ ಅಂದ್ರೆ ಸಲೀಸಲ್ಲ ಸ್ವಾಮಿ. ಪ್ರತಿ ದಿಮ್ಮಿಯ ತುದೀಲೂ ಕಚ್ಚು ಹೊಡೆದು, ಪಕ್ಕದ ಗೋಡೆಯ ದಿಮ್ಮಿ ಅದರೊಳಗೆ ಗಟ್ಟಿಯಾಗಿ ಕೂರೋ ಹಾಗೆ ಮಾಡ್ಬೇಕು, ಅದೂ ಕೆಳಗಿಂದ ಮೇಲಿನ ತನಕ ಒಂದೊಂದು ಸಾಲಿಗೂ. ನಾಲ್ಕೇ ಮೂಲೆಯ ಉದ್ದನೆ ಕೋಣೆ ಕಟ್ಟಿ ಕೈತೊಳ್ಕೋಬಹುದಿತ್ತು. ಇವರು ಶಿಲುಬೆ ಆಕಾರ ಹಾಕಿದ್ರು. ಹನ್ನೆರಡು ಮೂಲೆ ಯೇಸುವಿನ ಹನ್ನೆರಡು ಶಿಷ್ಯರ ಲೆಕ್ಕ, ಮೂರು ಬಾಗಿಲು ತಂದೆ, ಮಗ, ಪವಿತ್ರಾತ್ಮರ ಲೆಕ್ಕ ಅಂತ ಹೇಳ್ತಾರೆ. ನನ್ನ ಗುಮಾನಿ ಸ್ವಲ್ಪ ಬೇರೆ: ಉದ್ದ ದಿಮ್ಮಿ ಎತ್ತೋದು ಕಷ್ಟ, ಗಿಡ್ಡ ದಿಮ್ಮಿಗಳಲ್ಲೇ ದೊಡ್ಡ ಜಾಗ ಮಾಡ್ಬೇಕು ಅಂದ್ರೆ ಗೋಡೆ ಹೀಗೆ ಒಳಗೆ ಹೊರಗೆ ತಿರುಗಿಸೋದೇ ದಾರಿ, ಗೋಡೇನೂ ವಾಲಲ್ಲ. ಶಿಷ್ಯರು ಆಮೇಲೆ ಬಂದು ಕೂತಿರಬಹುದು.

ಒಳಗಡೆ ನೋಡಿದ್ರೆ ಏನಿಲ್ಲ ಏನಿಲ್ಲ! ವಿಗ್ರಹ ಇಲ್ಲ, ಬಣ್ಣದ ಗಾಜಿಲ್ಲ, ದಿಮ್ಮಿ ಸೀಳಿ ಕೆಳಗೆ ಗೂಟದ ಕಾಲು ಬಡಿದ ಬೆಂಚು ಅಷ್ಟೆ, ಅದಕ್ಕೆ ಒರಗೋಕೂ ಏನಿಲ್ಲ, ಆ ಕಾಲದ ಚರ್ಚಿನ ಪ್ರವಚನಗಳು ಎಷ್ಟು ಉದ್ದ ಇರ್ತಿದ್ವು ಅಂತ ನೆನೆಸ್ಕೊಂಡ್ರೇ ನನ್ನ ಸೊಂಟ ಹಿಡ್ಕೊಳ್ಳುತ್ತೆ. ಬ್ಯಾಪ್ಟಿಸ್ಟರು ಕ್ರೈಸ್ತ ದೀಕ್ಷೆ ಕೊಡುವಾಗ ಕೂಸಿಗೆ ನೀರು ಚಿಮುಕಿಸೋರಲ್ಲ, ದೊಡ್ಡವರನ್ನ ಪೂರ್ತಿ ಮುಳುಗಿಸಿ ಎತ್ತೋರು, ಹಳ್ಳಿ ಕಡೆ ಅದಕ್ಕೆ ಹೊಳೆ ಹಳ್ಳ ಇದ್ದೇ ಇತ್ತು. ಇಲ್ಲಿ ಸೇರ್ತಿದ್ದ ಭಕ್ತರ ಸಭೆಯ ಹೆಸರೇ ಮಿಲ್ ಕ್ರೀಕ್, ಒಂದು ಹಳ್ಳದ್ದು. ಅಲಂಕಾರ ಅಂದ್ರೆ ಆಗದ ಜನ, ಆದ್ರೆ ಇರೋಬರೋ ಶೋಕಿಯನ್ನೆಲ್ಲ ಮೂಲೆಗಳಿಗೆ ಸುರಿದುಬಿಟ್ಟಿದ್ದಾರೆ ನೋಡಿ, ಯಾರೂ ಬೈಯೋ ಹಾಗಿಲ್ಲ, ಯಾಕಂದ್ರೆ ಅದು ಗೋಡೆ! ನಂಗೆ ಇಷ್ಟವಾಗೋದು ಈ ಕಿಲಾಡಿತನವೇ.

ಹಿತ್ತಲ ಸ್ಮಶಾನದಲ್ಲಿ ಕೆಂಟಕಿಗೆ ಕಾಡಲ್ಲಿ ದಾರಿ ಮಾಡಿದ ಹೆಸರುವಾಸಿ ಬೇಟೆಗಾರ ಡೇನಿಯಲ್ ಬೂನ್‌ನ ತಂಗಿ ಹ್ಯಾನಾ ಸಮಾಧಿ ಇದೆ, ಜನ ಅದರ ಫೋಟೋ ತೆಗೆದು ಹೊರಟುಬಿಡ್ತಾರೆ. ಬಾಗಿಲಿನ ಕಥೆ ಅದಕ್ಕಿಂತ ಮಜವಾಗಿದೆ. ಯಾರು ಉದ್ಧಾರ ಆಗ್ಬೇಕು ಅಂತ ದೇವರು ಮೊದಲೇ ಆರಿಸಿಟ್ಟಿರ್ತಾನೆ ಅನ್ನೋ ಮಾತನ್ನ ಈ ಸಭೆಗೆ ಪ್ರವಚನ ಮಾಡ್ತಿದ್ದ ಜಾನ್ ಮಲ್ಕಿ ಒಪ್ಪಲಿಲ್ಲ, ಜಗಳ ಬೆಳೀತು, 1809ರಲ್ಲಿ ಸಭೆ ಒಡೀತು. ನನ್ನ ಮಾತು ಒಪ್ಪೋರು ನನ್ನ ಹಿಂದೆ ಬನ್ನಿ ಅಂತ ಆತ ಎದ್ದು ನಡೆದ್ನಂತೆ, ಹೆಚ್ಚಿನವರು ಹಿಂದೇನೇ ಹೋದ್ರಂತೆ. ಮೂರು ಬಾಗಿಲಿದ್ರೂ ಎಲ್ಲ ನುಗ್ಗಿದ್ದು ಒಂದರಲ್ಲೇ. ಕಟ್ಟಡಕ್ಕೆ ಕೊನೆಗೆ ಉಳಿದಿದ್ದೂ ಹಾಗೆ ಎದ್ದು ಹೋದವನ ಹೆಸರೇ.