ಕಿಣ್ವ ಏರಿದ ಮಾತ್ರಕ್ಕೆ ಗಟ್ಟಿ ತಳಿ ಆಗುತ್ತದಾ?

ಗೋಧಿ ಬರವನ್ನು ಹೇಗೆ ತಡೆದುಕೊಳ್ಳುತ್ತದೆ ಎಂಬ ನಿಮ್ಮ ಲೇಖನ ಚೆನ್ನಾಗಿದೆ. ಆದರೆ 'ನೀರು ಕಡಿಮೆಯಾದಾಗ ಯಾವ ಗೋಧಿ ತಳಿಯಲ್ಲಿ ಕ್ಯಾಟಲೇಸ್, ಪೆರಾಕ್ಸಿಡೇಸ್ ಜಾಸ್ತಿ ಏರುತ್ತದೋ ಅದೇ ಬರ ತಡೆಯುವ ತಳಿ' ಎಂಬ ಮಾತು ಒಪ್ಪಲು ಕಷ್ಟ. ಇವೆರಡೂ ಬರದಲ್ಲಿ ಗಿಡದೊಳಗೆ ಹೆಚ್ಚುವ ಹೈಡ್ರೋಜನ್ ಪೆರಾಕ್ಸೈಡನ್ನು ಕಡಿಮೆ ಮಾಡುವ ಕಿಣ್ವಗಳು. ಜ್ವರ ಬಂದರೆ ದೇಹ ಹೋರಾಡುತ್ತಿದೆ ಎನ್ನಬಹುದು, ಗಟ್ಟಿಮುಟ್ಟಾಗಿದೆ ಎನ್ನಲಾಗದು. ಎಲೆಗೆ ಬರದ ಪೆಟ್ಟು ಜೋರಾಗಿ ಬಿದ್ದಾಗಲೂ ಈ ಕಿಣ್ವಗಳು ಏರುತ್ತವೆ. ಆಳಕ್ಕೆ ಬೇರು ಬಿಟ್ಟು ನೀರು ಹುಡುಕಿಕೊಂಡ ಗಿಡದಲ್ಲಿ ಅವು ಅಷ್ಟಾಗಿ ಏರದೇ ಇರಬಹುದು. ಅದಕ್ಕೆ ಅಗತ್ಯವೇ ಬಿದ್ದಿಲ್ಲ, ಅಲ್ವಾ? ಕಿಣ್ವದ ಜೊತೆ ಜೀವಕೋಶದ ಪೊರೆ ಎಷ್ಟು ಕೆಟ್ಟಿದೆ, ಎಲೆಯಲ್ಲಿ ಎಷ್ಟು ನೀರು ಉಳಿದಿದೆ, ಕೊನೆಗೆ ಕಾಳು ಎಷ್ಟು ಕಟ್ಟಿತು ಅಂತಲೂ ನೋಡಬೇಕು.

ಹೈಡ್ರೋಜನ್ ಪೆರಾಕ್ಸೈಡನ್ನು ಬರೀ ವಿಷ ಎಂದು ಬರೆದಿದ್ದೀರಿ. ನೀರು ಕಡಿಮೆಯಾದಾಗ ಗಿಡದಲ್ಲಿ ಹೆಚ್ಚುವ ಹಾರ್ಮೋನು ಅಬ್ಸಿಸಿಕ್ ಆಮ್ಲ, ನೀರು ಉಳಿಸಲು ಎಲೆಯ ರಂಧ್ರ ಮುಚ್ಚಿಸುವಾಗ ಸಂದೇಶ ಮುಟ್ಟಿಸುವುದರಲ್ಲಿ ಇದೇ ಪೆರಾಕ್ಸೈಡಿನ ಪಾಲಿದೆ. ಪೂರ್ತಿ ಗುಡಿಸಿ ಹಾಕಿದರೆ ಗಿಡಕ್ಕೇ ನಷ್ಟ.

ಆ ಹಾರ್ಮೋನಿನ ರಕ್ಷಣೆಯೂ ಪುಕ್ಕಟೆ ಸಿಗುವುದಲ್ಲ. ರಂಧ್ರ ಮುಚ್ಚಿದರೆ ಕಾರ್ಬನ್ ಡೈಆಕ್ಸೈಡ್ ಒಳಗೆ ಬರುವುದು ಕಡಿಮೆಯಾಗುತ್ತದೆ, ಎಲೆಯೂ ಬಿಸಿಯಾಗುತ್ತದೆ. ಇನ್ನು ಪರಾಗ ರೂಪುಗೊಳ್ಳುವ ಹೊತ್ತಿನಲ್ಲಿ ತೆನೆಯಲ್ಲಿ ಅಬ್ಸಿಸಿಕ್ ಆಮ್ಲ ಜಾಸ್ತಿಯಾದರೆ ಪರಾಗ ಬರಡಾಗಿ ಕಾಳಿನ ಸಂಖ್ಯೆಯೇ ಇಳಿಯುತ್ತದೆ. ಎಲೆಯನ್ನು ಕಾಪಾಡಿದ್ದೇ ತೆನೆಗೆ ಮುಳುವು! ಅದಕ್ಕೇ ಕುಂಡದಲ್ಲಿ ಬೆಳೆದ ಎಳೆ ಸಸಿಗಳ ಫಲಿತಾಂಶ ತೋರಿಸಿ 'ಬರ ಸಹಿಷ್ಣು' ಎಂದು ಹಣೆಪಟ್ಟಿ ಹಚ್ಚಿದ್ದನ್ನು ಕಂಡಾಗಲೆಲ್ಲ, ಹೂ ಬಿಡುವ ಹಂತದಲ್ಲಿ ನೀರು ನಿಲ್ಲಿಸಿ ನೋಡಿದ್ದೀರಾ ಎಂದು ಕೇಳಬೇಕೆನಿಸುತ್ತದೆ.