ಲಂಗರಿನ ಲೆಕ್ಕಪರಿಶೋಧನೆ

ವಯಸ್ಸಾದವರಿಗೆ ನಿದ್ದೆ ಕಡಿಮೆ ಎನ್ನುತ್ತಾರೆ, ಇರಬಹುದು; ಆದರೆ ಬರುವ ಅಷ್ಟಿಷ್ಟು ನಿದ್ದೆಯನ್ನೂ ಒಂದು ಫೋನು ಕಸಿದುಕೊಂಡರೆ ಯಾರ ಬಳಿ ಹೋಗಿ ದೂರುವುದು? ನಿನ್ನೆ ರಾತ್ರಿ ಎರಡು ಗಂಟೆಗೆ, ನಮ್ಮ ದೋಣಿಯ ಕ್ಯಾಬಿನ್ನಿನಲ್ಲಿ, ನನ್ನ ಕಿವಿಯಿಂದ ಒಂದು ಗೇಣು ದೂರದಲ್ಲಿ ಸೈರನ್ ಮೊಳಗಿತು. ನಮ್ಮವರು ಎದ್ದೆನೋ ಬಿದ್ದೆನೋ ಎಂದು ಟಾರ್ಚು ಹಿಡಿದು ಮೇಲಕ್ಕೆ ಓಡಿದರು. ಓಡುವಾಗ ಪದ್ಧತಿಯಂತೆ ಬಾಗಿಲಿನ ಚೌಕಟ್ಟಿಗೆ ತಲೆ ಕುಟ್ಟಿಸಿಕೊಂಡರು. ಸ್ವಲ್ಪ ಹೊತ್ತಿಗೆ ಕೆಳಗಿಳಿದು, "ಏನಿಲ್ಲ, ಗಾಳಿ ತಿರುಗಿದೆ ಅಷ್ಟೆ" ಎಂದು ವರದಿ ಒಪ್ಪಿಸಿ, ಮಲಗಿದ ಮರುಕ್ಷಣವೇ ಗೊರಕೆ ಹೊಡೆದರು. ನನಗೆ ಮಾತ್ರ ಬೆಳಗಾಗುವವರೆಗೂ ಕ್ಯಾಬಿನ್ನಿನ ಸೂರು ನೋಡುವುದೇ ಕೆಲಸವಾಯಿತು. ಆ ಸೂರಾದರೂ ನೆಟ್ಟಗಿದೆಯೇ? ಮೇಲಿನ ಕಂಬಿಯ ಬುಡದಿಂದ ನೀರು ಜಿನುಗಿ, ಇಡೀ ದೋಣಿಯಲ್ಲಿ ನನ್ನ ದಿಂಬನ್ನೇ ಹುಡುಕಿಕೊಂಡು ಬಂದು ಬೀಳುತ್ತದೆ.

ಲಾಲ್‌ಬಾಗಿನ ಕೆರೆಗಿಂತ ದೊಡ್ಡ ನೀರನ್ನು ಹತ್ತಿರದಿಂದ ನೋಡದೆ ಬೆಳೆದ ನಾವಿಬ್ಬರು, ನಿವೃತ್ತಿಯ ಹಣದಲ್ಲಿ ಅಮೆರಿಕದ ಮೇರಿಲ್ಯಾಂಡಿನ ಅನಾಪೊಲಿಸ್ ಬಳಿ ಒಂದು ಹಳೆಯ ಕ್ಯಾಟಲಿನಾ 27 ಹಾಯಿದೋಣಿ ಕೊಂಡೆವು. ವಸಂತ ಬಂತೆಂದರೆ ಅದರ ತಳವನ್ನು ಉಜ್ಜಿ, ಚಿಪ್ಪುಜೀವಿಗಳು ಅಂಟಿಕೊಳ್ಳದಂತೆ ತಾಮ್ರ ಬೆರೆತ ಬಣ್ಣ ಬಳಿಯಬೇಕು. ಅವರು ಉಜ್ಜುತ್ತಾರೆ, ನೀಲಿ ಧೂಳು ನನ್ನ ಮೇಲೆ ಬೀಳುತ್ತದೆ. ಇದನ್ನೆಲ್ಲ ನಾನು ಸಹಿಸಿಕೊಂಡಿದ್ದೇನೆ. ಸಹಿಸಲಾಗದ್ದು ಅವರ ಲಂಗರು ಎಚ್ಚರಿಕೆಯ ಆ್ಯಪ್ ಒಂದನ್ನೇ; ಲಂಗರು ಜಾರಿ ದೋಣಿ ಗೊತ್ತುಮಾಡಿದ ವೃತ್ತ ದಾಟಿತೆಂದು ಕಂಡರೆ ಫೋನಿನಲ್ಲಿ ಸೈರನ್ ಮೊಳಗಿಸುವುದು ಅದರ ಕೆಲಸ.

ಜೀವಮಾನವೆಲ್ಲ ಆಡಿಟರ್ ಆಗಿದ್ದವರು ಯಾವುದನ್ನೂ ನಂಬುವುದಿಲ್ಲ, ಲಂಗರನ್ನಂತೂ ನಂಬುವುದೇ ಇಲ್ಲ. ನಾವು ದೋಣಿ ಓಡಿಸುವ ಚೆಸಪೀಕ್ ಕೊಲ್ಲಿ 320 ಕಿಲೋಮೀಟರಿನಷ್ಟು ಉದ್ದವಿದ್ದರೂ ಅದರ ಸರಾಸರಿ ಆಳ ಸುಮಾರು 21 ಅಡಿ ಮಾತ್ರ. ನಾವು ತಂಗುವ ಕಡೆಗಳಲ್ಲೆಲ್ಲ ತಳದಲ್ಲಿ ಮೆತ್ತನೆಯ ಕೆಸರು. ಒಮ್ಮೆ ಹೂತ ಲಂಗರನ್ನು ಬೆಳಿಗ್ಗೆ ಕೀಳುವುದೇ ಕಷ್ಟ. ಬೇಸಿಗೆಯ ಸಂಜೆ ಗುಡುಗು ಗಾಳಿ ಎದ್ದಾಗ ದೋಣಿಗಳು ಜರುಗುವುದುಂಟು, ಅದನ್ನು ನಾನು ಒಪ್ಪುತ್ತೇನೆ. ಆದರೆ ಎಲೆಯೂ ಅಲುಗದ ರಾತ್ರಿಗಳಲ್ಲಿ ಅರಚುವ ಆ ಆ್ಯಪಿಗೆ ಏನೆನ್ನಬೇಕು?

ತಪ್ಪು ಆ್ಯಪಿನದೂ ಅಲ್ಲ. ನೀರಿನ ಆಳ 8 ಅಡಿ, ನೀರಿನಿಂದ ದೋಣಿಯ ಮೂತಿಗೆ 4 ಅಡಿ, ಒಟ್ಟು 12. ಅದರ ಏಳು ಪಟ್ಟು, ಎಂದರೆ 84 ಅಡಿ ಹಗ್ಗ ಬಿಟ್ಟರೆ ಲಂಗರು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಗಾಳಿ ದಿಕ್ಕು ಬದಲಿಸಿದಾಗ ದೋಣಿ ಲಂಗರಿನ ಸುತ್ತ ಹಗ್ಗದುದ್ದಕ್ಕೂ ತಿರುಗುತ್ತದೆ, ತಿರುಗಲೇಬೇಕು. ಆದ್ದರಿಂದ ಫೋನಿನಲ್ಲಿ ವೃತ್ತ ಎಳೆಯುವಾಗ ಲಂಗರು ಬಿದ್ದ ಜಾಗವನ್ನು ಕೇಂದ್ರವಾಗಿ ಹಿಡಿಯಬೇಕು. ನಮ್ಮವರು ಲಂಗರು ಇಳಿಸಿ, ದೋಣಿಯನ್ನು ಹಿಂದಕ್ಕೆ ಒಯ್ದು, ಹಗ್ಗ ಬಿಗಿದು, ಕೈಗೆ ಮೆತ್ತಿದ ಕೆಸರನ್ನು ಸೋಪು ಹಚ್ಚಿ ತೊಳೆದು, ಕನ್ನಡಕ ಹುಡುಕಿ, ಆಮೇಲೆ ಫೋನು ಕೈಗೆತ್ತಿಕೊಳ್ಳುತ್ತಾರೆ. ಕೇಂದ್ರ ಎಲ್ಲಿ ಬೀಳುತ್ತದೆ? ಅವರು ಕುಳಿತಲ್ಲಿ. ಆಮೇಲೆ ದೋಣಿ ತಿರುಗಿದರೆ ಸಾಕು, ವೃತ್ತ ದಾಟುತ್ತದೆ. ಇದನ್ನು ಹೇಳಿ ಹೇಳಿ ನನ್ನ ಬಾಯಿ ಸೋತಿದೆ.

ಕಳೆದ ವಾರ ಸೇಂಟ್ ಮೈಕಲ್ಸ್ ಎಂಬ ಪುಟ್ಟ ಊರಿನ ಮುಂದೆ ತಂಗಿದ್ದೆವು. ಪೆಟ್ಟಿಗೆಯ ಐಸು ಕರಗಿ ಹಾಲು ಒಡೆದಿತ್ತು. ಕಾಫಿ ಇಲ್ಲದೆ ನಮ್ಮ ಮನೆಯಲ್ಲಿ ಸೂರ್ಯೋದಯವಾಗುವುದಿಲ್ಲ. ಹಾಲು ತರಲು ಡಿಂಗಿ ಎಂಬ ರಬ್ಬರಿನ ಪುಟ್ಟ ದೋಣಿ ಇಳಿಸಿ ಹೊರಟೆವು. ಅರ್ಧ ದಾರಿಯಲ್ಲಿ ಅವರ ಅಂಗಿಯ ಜೇಬಿನಿಂದ ಸೈರನ್! "ದೋಣಿ ಜರುಗುತ್ತಿದೆ!" ಎಂದು ಅವರು ಹೌಹಾರಿದರು. ಹುಟ್ಟು ಹಾಕುವವರು ಹಿಮ್ಮುಖವಾಗಿ ಕೂರುವುದರಿಂದ ನಮ್ಮ ದೋಣಿ ಅವರ ಕಣ್ಣೆದುರಿಗೇ, ಇದ್ದ ಜಾಗದಲ್ಲೇ ನಿಂತಿತ್ತು. ಅವರು ನೋಡಿದ್ದು ದೋಣಿಯನ್ನಲ್ಲ, ಫೋನನ್ನು. "120 ಅಡಿ... 130 ಅಡಿ!" ಎಂದು ಓದುತ್ತಾ ಡಿಂಗಿಯನ್ನು ತಿರುಗಿಸಿ, ಈಗ ದೋಣಿಗೆ ಬೆನ್ನು ಹಾಕಿ, ಶಕ್ತಿಮೀರಿ ಹುಟ್ಟು ಹಾಕತೊಡಗಿದರು. "ಅದು ಅಲ್ಲೇ ನಿಂತಿದೆಯಲ್ಲ" ಎಂದೆ. "ಕಣ್ಣಿಗೆ ಹಾಗೆ ಕಾಣುತ್ತದೆ, ಜಿಪಿಎಸ್ ಸುಳ್ಳು ಹೇಳುವುದಿಲ್ಲ" ಎಂದರು. ನಾವು ಸಮೀಪಿಸಿದಂತೆಲ್ಲ ಅಂಕಿ ಇಳಿಯಿತು, ಸೈರನ್ ನಿಂತಿತು. ಏದುಸಿರು ಬಿಡುತ್ತಾ, ಬೆವರು ಒರೆಸಿಕೊಂಡು, ಅವರು ಹೆಮ್ಮೆಯಿಂದ ಹೇಳಿದ ಮಾತು: "ನೋಡಿದೆಯಾ, ಲಂಗರು ಮತ್ತೆ ಕಚ್ಚಿಕೊಂಡಿತು."

ನಾನು ತುಟಿಪಿಟಕ್ಕೆನ್ನಲಿಲ್ಲ. ಪುನಃ ಹೊರಟೆವು, ಅದೇ ಅರ್ಧ ದಾರಿ, ಅದೇ ಜೇಬು, ಅದೇ ಸೈರನ್. ಪಕ್ಕದ ದೋಣಿಯ ಮುದುಕರೊಬ್ಬರು ಈ ಸಲ ಕುರ್ಚಿಯನ್ನೇ ನಮ್ಮ ಕಡೆಗೆ ತಿರುಗಿಸಿಕೊಂಡು ಕುಳಿತರು. ನಾನು ಕೈ ಚಾಚಿ ನಮ್ಮವರ ಜೇಬನ್ನು ಎರಡು ಬಾರಿ ತಟ್ಟಿದೆ. ಅವರ ಮುಖದಲ್ಲಿ ಅರ್ಥವಾದ ಕಳೆ ಮೂಡಿತು, ಸೋತ ಕಳೆ ಮೂಡಲಿಲ್ಲ. ಹೂಪರ್ ಜಲಸಂಧಿಯಲ್ಲಿ 1879ರಲ್ಲಿ ನಿಲ್ಲಿಸಿದ್ದ ದೀಪಗೃಹವನ್ನು 1966ರಲ್ಲಿ ಕಿತ್ತು ತಂದು ಇಲ್ಲಿನ ವಸ್ತುಸಂಗ್ರಹಾಲಯದ ದಡದಲ್ಲಿ ಇಟ್ಟಿದ್ದಾರೆ. ಅದರತ್ತ ಬೆರಳು ತೋರಿಸಿ, "ದೀಪಗೃಹವೇ ಜಾಗ ಬಿಟ್ಟು ಬಂದಿರುವ ಊರಿದು, ನಮ್ಮ ದೋಣಿ ಯಾವ ಲೆಕ್ಕ?" ಎಂದರು.

ಬೈಯಲು ಬಾಯಿ ತೆರೆದರೂ ಕೆಲವೊಮ್ಮೆ ಮಾತು ಹೊರಡುವುದಿಲ್ಲ. ನಮ್ಮ ದೋಣಿಯಲ್ಲಿ ಲಂಗರೆತ್ತುವ ಯಂತ್ರವಿಲ್ಲ. ಬೆಳಿಗ್ಗೆ ಅವರು ಮೊಣಕಾಲೂರಿ ಕೈಯಿಂದಲೇ ಎಳೆಯುತ್ತಾರೆ, ಎಳೆದ ಮೇಲೆ ಏಳಲು ಈಚೆಗೆ ಕಂಬಿ ಹಿಡಿಯುತ್ತಾರೆ. ದಡದಲ್ಲಿ ನಮ್ಮ ಪಕ್ಕ ದೋಣಿ ನಿಲ್ಲಿಸುತ್ತಿದ್ದ ದಂಪತಿ ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ದೋಣಿ ಮಾರಿದರು. ಶರತ್ಕಾಲದಲ್ಲಿ ದೋಣಿಯನ್ನು ದಡಕ್ಕೆ ಎತ್ತಿಸುವಾಗ ನಮ್ಮವರಾಗಲಿ ನಾನಾಗಲಿ ಮುಂದಿನ ವರ್ಷದ ಮಾತನ್ನು ಆಡುವುದಿಲ್ಲ.

ಆದರೂ ಸೇಂಟ್ ಮೈಕಲ್ಸಿನಿಂದ ಅವರು ಕಲಿತ ಪಾಠ ನಾನು ಬಯಸಿದ್ದಲ್ಲ. ಎಂದೂ ಒಂದೇ ದಾಖಲೆಯನ್ನು ನೆಚ್ಚಬಾರದೆಂದು ತೀರ್ಮಾನಿಸಿ, ನನ್ನ ಫೋನಿಗೂ ಅದೇ ಆ್ಯಪ್ ಹಾಕಿದ್ದಾರೆ. ನಾವು ದಡಕ್ಕೆ ಹೋದಾಗ ನನ್ನ ಫೋನು ದೋಣಿ ಕಾಯಬೇಕು; ಮಗಳು ಕರೆ ಮಾಡಿದರೆ ಖಾಲಿ ಕ್ಯಾಬಿನ್ನಿನಲ್ಲಿ ಅದು ತನ್ನಷ್ಟಕ್ಕೆ ರಿಂಗಾಗುತ್ತಿರುತ್ತದೆ. ಇಂದು ಸಂಜೆಯಿಂದ ಅವರು ಎರಡೂ ಫೋನುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಕುಳಿತಿದ್ದಾರೆ. ಒಂದೇ ಮೇಜಿನ ಮೇಲಿರುವ ಆ ಎರಡರ ನಡುವೆ 11 ಅಡಿ ವ್ಯತ್ಯಾಸ ಬರುತ್ತಿದೆಯಂತೆ. ಅದು ತಾಳೆಯಾಗದೆ ದೀಪ ಆರಿಸುವ ಹಾಗಿಲ್ಲವಂತೆ.