ಕಳೆದ ಹಣದ ಹೊಣೆ ಯಾರದು?

ಆನ್‌ಲೈನ್ ವಂಚನೆಯಲ್ಲಿ ಯಾರಾದರೂ ಹಣ ಕಳೆದುಕೊಂಡ ಸುದ್ದಿ ಬಂದಾಗಲೆಲ್ಲ ಮೊದಲು ಕೇಳಿಬರುವ ಮಾತು ‘ಓದಿದವರೇ ಹೀಗೆ ಮೋಸಹೋದರೆ ಹೇಗೆ’ ಎಂಬುದು. ಸರ್ಕಾರಗಳ ಧೋರಣೆಯೂ ಬಹುಕಾಲ ಇದಕ್ಕಿಂತ ಬೇರೆಯಾಗಿರಲಿಲ್ಲ: ಒಟಿಪಿ ಹೇಳಬೇಡಿ, ಲಿಂಕ್ ಒತ್ತಬೇಡಿ, ಎಚ್ಚರವಾಗಿರಿ. ಈ ಬುದ್ಧಿಮಾತು ತಪ್ಪಲ್ಲ. ಆದರೆ ವಂಚನೆಯನ್ನೇ ಕಸುಬು ಮಾಡಿಕೊಂಡು, ಆಳುಗಳನ್ನಿಟ್ಟು ದಿನವಿಡೀ ಫೋನು ಮಾಡಿಸುವ ಜಾಲದೆದುರು ಒಬ್ಬಂಟಿ ಗ್ರಾಹಕನ ಎಚ್ಚರವನ್ನೇ ನೆಚ್ಚಿ ಕೂರುವುದನ್ನು ಆಡಳಿತ ಎನ್ನಲು ನನಗೆ ಮನಸ್ಸು ಬಾರದು.

ಕದ್ದ ಹಣ ಗಾಳಿಯಲ್ಲಿ ಕರಗುವುದಿಲ್ಲ. ಯಾವುದೋ ಬ್ಯಾಂಕು ಕೆವೈಸಿ ಮಾಡಿ ತೆರೆದುಕೊಟ್ಟ ಖಾತೆಗೇ ಅದು ಹೋಗಿ ಬೀಳುತ್ತದೆ. ಕಮಿಷನ್ನಿನ ಆಸೆಗೆ ಯಾರೋ ಬಾಡಿಗೆಗೆ ಕೊಟ್ಟ ಇಂಥ ‘ಮ್ಯೂಲ್’ ಖಾತೆಯಿಂದ ನಿಮಿಷಗಳಲ್ಲಿ ಹಲವು ಖಾತೆಗಳಿಗೆ ಹರಿದು, ನಗದಾಗಿಯೋ ಕ್ರಿಪ್ಟೋ ಆಗಿಯೋ ಹೊರಬೀಳುತ್ತದೆ. ಭಾರತದ 1930 ಸಹಾಯವಾಣಿ ಈ ನಿಮಿಷಗಳನ್ನು ಹಿಡಿಯಲೆಂದೇ ಇರುವ ಏರ್ಪಾಡು. ದೂರು ದಾಖಲಾದೊಡನೆ ಹಣ ಸಾಗಿದ ಬ್ಯಾಂಕುಗಳಿಗೆ ಸೂಚನೆ ಹೋಗಿ, ಸಿಕ್ಕಷ್ಟನ್ನು ಅಲ್ಲಲ್ಲೇ ತಡೆಹಿಡಿಯಲಾಗುತ್ತದೆ. (ಆ ಸರಪಳಿಯ ತುದಿಯಲ್ಲಿ, ಏನೂ ಅರಿಯದೆ ಸರಕು ಮಾರಿದ ವ್ಯಾಪಾರಿಯ ಖಾತೆಯೂ ಸ್ಥಗಿತಗೊಳ್ಳುವುದುಂಟು; ಅದು ಬೇರೆಯೇ ಗೋಳು.) ಆದರೆ ಇದೆಲ್ಲ ಶುರುವಾಗುವುದು ಮೋಸಹೋದವರಿಗೆ ಮೋಸ ಅರಿವಾದ ಮೇಲೆ. ಪೊಲೀಸರ ಸೋಗು ಹಾಕಿ, ‘ನಿಮ್ಮನ್ನು ಬಂಧಿಸಿದ್ದೇವೆ’ ಎಂದು ವಿಡಿಯೊ ಕರೆಯಲ್ಲೇ ಬೆದರಿಸಿ ಹಣ ಕೀಳುವ ‘ಡಿಜಿಟಲ್ ಅರೆಸ್ಟ್’ಗೆ ಸಿಕ್ಕವರಿಗೆ ಆ ಅರಿವು ಬರುವಷ್ಟರಲ್ಲಿ ಎಷ್ಟೋ ಸಲ ದಿನಗಳೇ ಕಳೆದಿರುತ್ತವೆ. ಸಿಂಗಪುರದಲ್ಲಿ 2025ರ ಜುಲೈ 1ರಿಂದ ಜಾರಿಯಲ್ಲಿರುವ ಕಾನೂನಿನಂತೆ, ಎಷ್ಟು ಹೇಳಿದರೂ ನಂಬದೆ ವಂಚಕರಿಗೆ ಹಣ ಕಳಿಸಲು ಹೊರಟವರ ವಹಿವಾಟನ್ನು ಪೊಲೀಸರೇ ಬ್ಯಾಂಕಿಗೆ ಆದೇಶಿಸಿ 30 ದಿನ ನಿರ್ಬಂಧಿಸಬಹುದು. ನಮ್ಮದೇ ಹಣದ ಮೇಲೆ ಪೊಲೀಸರಿಗೆ ಇಷ್ಟು ಹಿಡಿತ ಕೊಡುವುದು ನನಗೆ ಅಳುಕಿನ ವಿಷಯ.

ಬ್ರಿಟನ್ ಹಿಡಿದ ದಾರಿ ಅದಕ್ಕಿಂತ ಮೇಲೆನಿಸುತ್ತದೆ. ಅಲ್ಲಿ 2024ರ ಅಕ್ಟೋಬರ್ 7ರಿಂದ, ವಂಚಕರ ಮಾತು ನಂಬಿ ಗ್ರಾಹಕರು ತಾವಾಗಿಯೇ ಹಣ ಕಳಿಸಿದ್ದರೂ, ದೇಶದೊಳಗಿನ ವರ್ಗಾವಣೆಯಾಗಿದ್ದರೆ 85,000 ಪೌಂಡ್‌ವರೆಗೆ ಮರಳಿಸಬೇಕು. ಆ ಹೊರೆಯಲ್ಲಿ ಅರ್ಧ ಹಣ ಕಳಿಸಿದ ಬ್ಯಾಂಕಿನದು, ಉಳಿದರ್ಧ ಹಣ ಪಡೆದ ಖಾತೆಯಿರುವ ಬ್ಯಾಂಕಿನದು. ಈ ಉಳಿದರ್ಧದಲ್ಲೇ ಜಾಣತನವಿದೆ: ಮ್ಯೂಲ್ ಖಾತೆಯನ್ನು ತೆರೆದುಕೊಟ್ಟು ಕಣ್ಣುಮುಚ್ಚಿ ಕುಳಿತ ಬ್ಯಾಂಕಿಗೆ ಆ ಉದಾಸೀನವೇ ನಷ್ಟದ ಬಾಬ್ತಾಗುತ್ತದೆ. ಹೀಗಾದರೆ ಜನ ಮೈಮರೆಯುತ್ತಾರೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಅದಕ್ಕೆಂದೇ ತೀವ್ರ ನಿರ್ಲಕ್ಷ್ಯ ತೋರಿದವರಿಗೆ ಪರಿಹಾರ ನಿರಾಕರಿಸಲು ಅವಕಾಶವಿದೆ, ಆದರೆ ಅದನ್ನು ಸಾಬೀತುಪಡಿಸುವ ಕೆಲಸ ಬ್ಯಾಂಕಿನದು. ಆಸ್ಟ್ರೇಲಿಯಾ 2025ರಲ್ಲಿ ತಂದ ಕಾನೂನು ಬ್ಯಾಂಕುಗಳ ಜೊತೆಗೆ ಟೆಲಿಕಾಂ ಕಂಪನಿಗಳನ್ನೂ ಸುಳ್ಳು ಜಾಹೀರಾತಿಗೆ ಜಾಗ ಕೊಡುವ ಸಾಮಾಜಿಕ ಜಾಲತಾಣಗಳನ್ನೂ ಹೊಣೆಯೊಳಗೆ ಎಳೆದಿದೆ.

ಭಾರತೀಯ ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ, ಗ್ರಾಹಕರ ಒಪ್ಪಿಗೆಯಿಲ್ಲದೆ ಮೂರನೆಯವರ ಕೈವಾಡದಿಂದ ಹಣ ಹೋದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಅವರದಲ್ಲ ಎಂದಿತ್ತು. ಪಾಸ್‌ವರ್ಡು, ಒಟಿಪಿ ಕೊಟ್ಟವರು ಮಾತ್ರ ದೂರು ಕೊಡುವವರೆಗಿನ ನಷ್ಟವನ್ನು ತಾವೇ ಹೊರಬೇಕಿತ್ತು. ಬೆದರಿಕೆಗೆ ನಡುಗಿ ತಮ್ಮ ಕೈಯಾರೆ ಹಣ ಕಳಿಸಿದವರ ಪಾಡಾಗಲಿ, ಆ ಹಣ ಬಂದು ಬಿದ್ದ ಖಾತೆಯ ಬ್ಯಾಂಕಿನ ಹೊಣೆಯಾಗಲಿ ಆ ಸುತ್ತೋಲೆಯ ವಿಷಯವೇ ಆಗಿರಲಿಲ್ಲ.